ಒಂದೂವರೆ ಅಡಿ ಮೇಲಕ್ಕೆ

ಆಬಿಂಗ್ಡನ್ ಪೇಟೆಯ ಮಾರುಕಟ್ಟೆ ಚೌಕದಲ್ಲಿ ಕೌಂಟಿ ಹಾಲ್ ಅನ್ನುವ ಕಲ್ಲಿನ ಕಟ್ಟಡವಿದೆ. 1678ರಲ್ಲಿ ಶುರು ಮಾಡಿ 1682ರಲ್ಲಿ ಮುಗಿಸಿದ್ದು. ಕೆಳಗೆ ಕಮಾನುಗಳ ನಡುವೆ ಬಯಲು ಜಗಲಿ, ಮೇಲಂತಸ್ತಿನಲ್ಲಿ ಹಿಂದೊಮ್ಮೆ ನ್ಯಾಯಾಲಯವಾಗಿದ್ದ ದೊಡ್ಡ ಕೋಣೆ. ರಾಜಮನೆತನದ ಸಂಭ್ರಮದ ದಿನಗಳಲ್ಲಿ ಇದರ ಚಾವಣಿಯ ಮೇಲಿಂದ ಕೆಳಗಿನ ಜನಕ್ಕೆ ಬನ್ನು ಎಸೆಯುವ ಪದ್ಧತಿ ಇವತ್ತಿಗೂ ನಡೆದುಬಂದಿದೆ. ಈಗ ಒಳಗೆ ಊರಿನ ವಸ್ತುಸಂಗ್ರಹಾಲಯ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಹಳೆಯ ಕಾಲದ ಆ ಕೋಣೆಯಲ್ಲಿ ಒಂದು ಕಾರು ನಿಂತಿದೆ! ಎರಡು ಸೀಟಿನ, ತೆರೆದ ತಲೆಯ ಎಂಜಿಬಿ. ಈ ಊರಿನ ಕಾರ್ಖಾನೆಯಲ್ಲಿ ಕೊನೆಕೊನೆಗೆ ತಯಾರಾದ ಕಾರುಗಳಲ್ಲೊಂದು.

ನಾನು ಕಾರನ್ನು ನೋಡುವ ಮೊದಲು ಮೆಟ್ಟಿಲನ್ನೇ ತಿರುಗಿ ನೋಡಿದೆ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಅಲ್ಲಿಂದ ಕಾರು ಬಂದಿರಲು ಸಾಧ್ಯವಿಲ್ಲ. ಬಂದದ್ದು ಕಿಟಕಿಯಿಂದ. ಕ್ರೇನಿನಲ್ಲಿ ಎತ್ತಿ, ಎತ್ತರದ ಕಿಟಕಿಯೊಳಗಿಂದ ತೂರಿಸಿ ತಂದು ಇಳಿಸಿದರಂತೆ. ಹೆಚ್ಚುಕಡಿಮೆ ಒಂದು ಟನ್ ತೂಗುವ ವಸ್ತು, ಮುನ್ನೂರು ವರ್ಷ ದಾಟಿದ ಗೋಡೆಗೆ ಒಂದು ಗೀರೂ ಬೀಳದ ಹಾಗೆ ಒಳಗೆ ಬಂದಿದೆ. ಅದನ್ನು ನೋಡುತ್ತಾ ನಿಂತವಳ ಭುಜ ತಟ್ಟಿ ನಮ್ಮಕ್ಕನ ಮಗಳು ಹೇಳಿದಳು: "ನಾಳೆ ನಮ್ಮನೇಲೂ ಒಂದನ್ನ ಎತ್ತೋದಿದೆ ಚಿಕ್ಕಮ್ಮಾ. ಕ್ರೇನ್ ಇಲ್ಲದೆ."

ಅವಳು ಆಬಿಂಗ್ಡನ್‌ನಿಂದ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ ಮನೆ ಮಾಡಿದ್ದಾಳೆ. ಶಾಲೆಗೆ ಹೋಗುವಾಗಲೇ ಮಿಕ್ಸಿ ಬಿಚ್ಚಿ ಕೂರುತ್ತಿದ್ದ ಹುಡುಗಿ. ಈಗ ಗ್ಯಾರೇಜಿನಲ್ಲಿ 1972ರ ಎಂಜಿಬಿ ಸಾಕಿಕೊಂಡಿದ್ದಾಳೆ. ನಾನು ಇಂಗ್ಲೆಂಡಿಗೆ ಹೊರಟದ್ದು ಅವಳನ್ನು ನೋಡುವುದಕ್ಕೆ. ನೋಡಿ ಬಂದದ್ದರಲ್ಲಿ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುವುದು ಆ ಕಾರಿನ ಅಡಿಭಾಗ.

ಅಲ್ಲಿಗೆ ಹೋಗುವ ಮೊದಲು ಊರನ್ನು ಸುತ್ತಬೇಕಿತ್ತು. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಕಾರು ಮಾರುವ, ರಿಪೇರಿ ಮಾಡುವ ಅಂಗಡಿಯಾಗಿತ್ತು. ಅದರ ಮ್ಯಾನೇಜರಾಗಿದ್ದ ಸೆಸಿಲ್ ಕಿಂಬರ್ ಸಾಧಾರಣ ಮಾರಿಸ್ ಕಾರುಗಳ ಮೇಲೆ ಚೆಲುವಾದ ಮೈ ಕೂರಿಸಿ, ಓಟ ಹೆಚ್ಚಿಸಿ, ಅಷ್ಟಕೋನದ ಬಿಲ್ಲೆ ಅಂಟಿಸಿ ಬೇರೆಯದೇ ಒಂದು ಕುಲವನ್ನು ಹುಟ್ಟಿಸಿದ. 1929ರಲ್ಲಿ ಆಬಿಂಗ್ಡನ್‌ನ ಪಾವ್ಲೋವಾ ಚರ್ಮದ ಕಾರ್ಖಾನೆಯ ಖಾಲಿ ಬಿದ್ದಿದ್ದ ಭಾಗಕ್ಕೆ ಎಂಜಿ ಬಂದಿತು. ತಾನೇ ಬೆಳೆಸಿದ ಸಂಸ್ಥೆಯಿಂದ ಕಿಂಬರನನ್ನು 1941ರಲ್ಲಿ ಹೊರಗೆ ಕಳಿಸಿದರು; 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು ಅಪಘಾತದಲ್ಲಿ ಅವನು ತೀರಿಕೊಂಡ. ಎಂಜಿಬಿಯನ್ನು ಅವನು ನೋಡಲೇ ಇಲ್ಲ. ಅದು ಬಂದದ್ದು 1962ರಲ್ಲಿ. 1980ರ ಅಕ್ಟೋಬರಿನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವ ಹೊತ್ತಿಗೆ, ತೆರೆದದ್ದೂ ಮುಚ್ಚಿದ್ದೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಇಲ್ಲಿಂದ ಹೊರಟಿದ್ದವು. ಬೆಂಗಳೂರಿನಲ್ಲಿ ಇವತ್ತು ಓಡಾಡುವ ಹೆಕ್ಟರ್ ಕಾರಿನ ಮೂತಿಯ ಮೇಲಿರುವುದೂ ಅದೇ ಅಷ್ಟಕೋನ. ಈಗ ಆ ಗುರುತಿನ ಒಡೆತನ ಚೀನಾದ ಸಂಸ್ಥೆಯದು.

ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಮನೆಗಳೂ ಕಚೇರಿಗಳೂ ಎದ್ದಿವೆ. ಪಕ್ಕದ ಸೆಮೆಟರಿ ರೋಡಿನಲ್ಲಿ ಎಂಜಿ ಕಾರ್ ಕ್ಲಬ್ಬಿನ ಮನೆ ಇದೆ. 1930ರಲ್ಲಿ ಹುಟ್ಟಿದ ಕ್ಲಬ್ಬು, ಕಟ್ಟಡಕ್ಕೆ ಕಿಂಬರನ ಹೆಸರು. ಈ ಕಾರ್ಖಾನೆಯ ವಿಷಯದಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೆ. ಕಾರುಗಳನ್ನು ಸಾಗಿಸುವ ಯಂತ್ರದ ಪಟ್ಟಿ ಇಲ್ಲಿರಲಿಲ್ಲ. ಎತ್ತರಿಸಿದ ಹಳಿಯ ಮೇಲೆ ನಿಂತ ಕಾರನ್ನು ಕೆಲಸಗಾರರು ಕೈಯಿಂದಲೇ ಮುಂದಿನ ಜಾಗಕ್ಕೆ ತಳ್ಳುತ್ತಿದ್ದರು. ಐದು ಲಕ್ಷ ಕಾರು, ಒಂದೊಂದಕ್ಕೂ ಮನುಷ್ಯರ ಅಂಗೈ ತಗಲಿದೆ. ಮನೆಯ ಗ್ಯಾರೇಜಿನಲ್ಲಿ ಒಬ್ಬಳೇ ಬಿಚ್ಚಿ ಜೋಡಿಸಬಲ್ಲ ಕಾರು ಇದಾಗಿರುವುದಕ್ಕೂ ಅದಕ್ಕೂ ಸಂಬಂಧವಿದೆ ಎಂದು ನನಗೆ ಅನ್ನಿಸುತ್ತದೆ. ಕೈಯಿಂದ ಕೂಡಿಸಿದ್ದನ್ನು ಕೈಯಿಂದ ಮುಟ್ಟಬಹುದು.

ಮರುದಿನ ಬೆಳಿಗ್ಗೆ ಕಾಫಿ ಮುಗಿಸಿ ಗ್ಯಾರೇಜಿಗೆ ಇಳಿದೆವು. ಕಡುಗೆಂಪು ಬಣ್ಣ, ಕ್ರೋಮಿನ ಬಂಪರು, ಕಡ್ಡಿ ಹೆಣೆದ ಚಕ್ರ. ಕೂತರೆ ನೆಲದ ಮೇಲೆ ಕೂತ ಹಾಗಿರುತ್ತದೆ. ಹೊಟ್ಟೆಗೂ ನೆಲಕ್ಕೂ ಒಂದು ಗೇಣಿನ ಅಂತರವೂ ಇಲ್ಲ. ಮುಂದಿನ ಚಕ್ರಗಳು ತಿರುಗುವ ಕಿಂಗ್‌ಪಿನ್ನುಗಳಿಗೆ ಗ್ರೀಸು ಕೊಡುವುದು ಅವತ್ತಿನ ಕೆಲಸ. ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್. ಮೂರು ಸಾವಿರ ಮೈಲಿಗೊಮ್ಮೆ ಕೊಡಲೇಬೇಕು, ಇಲ್ಲದಿದ್ದರೆ ಪಿನ್ನು ಸವೆಯುತ್ತದೆ, ಸ್ಟಿಯರಿಂಗ್ ಬಿಗಿಯುತ್ತದೆ. ಚಕ್ರ ನೆಲ ಬಿಟ್ಟು ತೂಗುತ್ತಿದ್ದರೆ ಗ್ರೀಸು ಸಂದುಸಂದಿಗೂ ನುಗ್ಗುತ್ತದೆ. ಭಾರ ಕೂತಿದ್ದರೆ ಒತ್ತಿದ ಕಡೆ ಹೋಗುವುದೇ ಇಲ್ಲ. ಅದಕ್ಕೇ ಕಾರನ್ನು ಎತ್ತಬೇಕು.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ, ಅದನ್ನು ಹೆಚ್ಚಾಗಿ ಬದಲಾಯಿಸದೆ ಇಟ್ಟುಕೊಂಡಿದ್ದರೆ, 2018ರ ಮೇ ತಿಂಗಳಿಂದ ವರ್ಷವರ್ಷದ ತಪಾಸಣೆ ಕಡ್ಡಾಯವಲ್ಲ. "ಅಂದ್ರೆ ಕೆಳಗೆ ಬಗ್ಗಿ ನೋಡೋರು ಯಾರೂ ಇಲ್ಲ. ನಾನೇ ನೋಡ್ಬೇಕು" ಎಂದಳು. ಆ ಮಾತು ನನಗೆ ತುಂಬ ಹಿಡಿಸಿತು. ಸರ್ಕಾರ ಕಣ್ಣು ತೆಗೆದ ಕಡೆ ಇವಳು ತನ್ನ ಕಣ್ಣು ಇಟ್ಟಿದ್ದಾಳೆ.

ಜಾಕ್ ಮುಟ್ಟುವ ಮೊದಲು ಅವಳು ನೆಲ ಗುಡಿಸಿದಳು. ಮನೆಯ ಮುಂದೆ ಜಲ್ಲಿ ಹಾಸಿದ ಅಂಗಳವಿತ್ತು, ಬಿಸಿಲೂ ಚೆನ್ನಾಗಿತ್ತು. ಅಲ್ಲೇ ಮಾಡಬಹುದಲ್ಲ ಎಂದೆ. ಚಕ್ರಗಳ ಮೇಲೆ ಉರುಳುವ ಜಾಕನ್ನು ಎಳೆದು ತಂದು ಅದರ ಕೈಯನ್ನು ಖಾಲಿಯಾಗೇ ಎತ್ತಿ ತೋರಿಸಿದಳು. ಎತ್ತುವ ಉಕ್ಕಿನ ತೋಳು ನೇರ ಮೇಲಕ್ಕೆ ಹೋಗುವುದಿಲ್ಲ. ಬಿಲ್ಲಿನ ಆಕಾರದಲ್ಲಿ ಏರುತ್ತದೆ. ಕಾರು ನಿಂತಲ್ಲೇ ನಿಂತಿರುವುದರಿಂದ ತೋಳು ಏರಿದ ಹಾಗೆಲ್ಲ ಜಾಕೇ ಕೆಳಗೆ ಉರುಳಿ ಸರಿದುಕೊಳ್ಳಬೇಕು. ಜಲ್ಲಿಯಲ್ಲಿ ಅದರ ಪುಟ್ಟ ಕಬ್ಬಿಣದ ಚಕ್ರಗಳು ಹೂತುಕೊಂಡರೆ ಜಾಕ್ ಸರಿಯುವುದಿಲ್ಲ, ಆಗ ಜಾರುವುದು ಕಾರು. ಒಂದು ಸಣ್ಣ ಕಲ್ಲುಚೂರು ಸಾಕು. ಪೊರಕೆ ಹಿಡಿದದ್ದು ಅದಕ್ಕೆ. ಬಿಸಿಲಿಗೆ ಮೆದುವಾಗುವ ಡಾಂಬರೂ ಆಗದು, ಸ್ಟ್ಯಾಂಡಿನ ಕಾಲು ಇಳಿದುಬಿಡುತ್ತದೆ. ಗಟ್ಟಿಯಾದ, ಮಟ್ಟಸವಾದ ಕಾಂಕ್ರೀಟೇ ಬೇಕು.

ಆಮೇಲೆ ಪರೀಕ್ಷೆ. "ಚಿಕ್ಕಮ್ಮಾ, ಕೈಬ್ರೇಕು ಯಾವ ಚಕ್ರ ಹಿಡಿಯತ್ತೆ ಹೇಳಿ ನೋಡೋಣ?"

ನಾಲ್ಕೂ ಎಂದುಕೊಂಡಿದ್ದೆ. ಹಿಂದಿನ ಎರಡು ಮಾತ್ರವಂತೆ. ಮುಂಭಾಗ ಎತ್ತುವಾಗ ಹಿಂದಿನವು ನೆಲದ ಮೇಲಿರುತ್ತವೆ, ಕೈಬ್ರೇಕು ಕೆಲಸಕ್ಕೆ ಬರುತ್ತದೆ. ಹಿಂಭಾಗ ಎತ್ತಿದಿರೋ, ಕೈಬ್ರೇಕು ಗಾಳಿಯಲ್ಲಿರುವ ಚಕ್ರವನ್ನು ಹಿಡಿದು ಕೂತಿರುತ್ತದೆ, ನೆಲದಲ್ಲಿರುವ ಮುಂದಿನ ಚಕ್ರಗಳಿಗೆ ಯಾವ ತಡೆಯೂ ಇಲ್ಲ. ಗೇರಿನಲ್ಲಿ ಹಾಕಿಟ್ಟರಾಯಿತಲ್ಲ ಎಂದರೆ ಅದರಲ್ಲೂ ಒಂದು ಗುಟ್ಟಿದೆ. ಹಿಂದಿನ ಒಂದು ಚಕ್ರ ಮಾತ್ರ ಎದ್ದಿದೆ ಅನ್ನಿ. ಗೇರು ಹಿಡಿದಿಟ್ಟಿರುವುದು ನಡುವಿನ ದಂಡವನ್ನು. ಆದರೆ ದಂಡಕ್ಕೂ ಚಕ್ರಗಳಿಗೂ ನಡುವೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಒಳಚಕ್ರ ನಿಧಾನ, ಹೊರಚಕ್ರ ಜೋರಾಗಿ ಉರುಳಲೆಂದು ಮಾಡಿದ ಏರ್ಪಾಡು. ದಂಡ ನಿಂತಿದ್ದರೂ ನೆಲದ ಚಕ್ರ ಒಂದು ಕಡೆ ಉರುಳಿ, ಗಾಳಿಯ ಚಕ್ರ ವಿರುದ್ಧ ದಿಕ್ಕಿಗೆ ತಿರುಗಬಲ್ಲದು. ಗೇರಿನಲ್ಲಿದ್ದ ಕಾರು ನಿಶ್ಶಬ್ದವಾಗಿ ಹೊರಟುಬಿಡುತ್ತದೆ. ರಸ್ತೆಯ ತಿರುವಿನಲ್ಲಿ ನಮ್ಮನ್ನು ಕಾಪಾಡುವ ಅದೇ ಜಾಣ್ಮೆ ಗ್ಯಾರೇಜಿನಲ್ಲಿ ಪ್ರಾಣಕ್ಕೆ ಕುತ್ತಾಗಬಹುದು ಎನ್ನುವುದನ್ನು ಕೇಳಿ ಮೈ ಜುಮ್ಮೆಂದಿತು.

ಹಾಗಾಗಿ ಚಕ್ರಕ್ಕೆ ತಡೆ. ಓರೆಯಾಗಿ ಕತ್ತರಿಸಿದ ದಪ್ಪ ಮರದ ತುಂಡುಗಳನ್ನು ಹಿಂದಿನ ಎರಡೂ ಚಕ್ರಗಳ ಮುಂದೂ ಹಿಂದೂ ಒತ್ತಿಟ್ಟಳು. ನಮ್ಮ ರಥೋತ್ಸವಗಳಲ್ಲಿ ತೇರಿನ ಗಾಲಿಗೆ ಸನ್ನೆ ಹಾಕುವವರನ್ನು ನೋಡಿದವರಿಗೆ ಈ ಕೆಲಸದ ಘನತೆ ವಿವರಿಸಬೇಕಿಲ್ಲ. ಸಾವಿರ ಜನ ಹಗ್ಗ ಹಿಡಿದಿದ್ದರೂ ತೇರು ಎಲ್ಲಿ ನಿಲ್ಲಬೇಕೆಂಬುದು ಗಾಲಿಯ ಬುಡದಲ್ಲಿ ಬಗ್ಗಿರುವ ಆ ಇಬ್ಬರು ಮೂವರ ಕೈಯಲ್ಲಿರುತ್ತದೆ. ಅವಳೂ ಅಷ್ಟೇ ಶ್ರದ್ಧೆಯಿಂದ, ಮರದ ತುಂಡು ಟೈರಿಗೆ ಕಚ್ಚಿ ಕೂತಿತೇ ಎಂದು ಕಾಲಿನಿಂದ ಒತ್ತಿ ನೋಡಿದಳು.

ಚಕ್ರದ ನಟ್ಟು ಸಡಿಲಿಸುವುದು ಟೈರು ನೆಲದ ಮೇಲಿರುವಾಗಲೇ. ಈ ಕಾರಿನ ಕಡ್ಡಿಚಕ್ರಕ್ಕೆ ನಾಲ್ಕೈದು ನಟ್ಟಿಲ್ಲ, ನಟ್ಟನಡುವೆ ಒಂದೇ ದೊಡ್ಡದು, ಎರಡು ರೆಕ್ಕೆಯದು. ತಾಮ್ರದ ತಲೆಯ ಸುತ್ತಿಗೆಯಿಂದ ರೆಕ್ಕೆಗೆ ಹೊಡೆಯಬೇಕು. ಎಡಬದಿಯದು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ, ಬಲಬದಿಯದು ಮುಳ್ಳಿನ ಜೊತೆಗೆ. ಕಾರು ಓಡುವಾಗ ನಟ್ಟು ಇನ್ನಷ್ಟು ಬಿಗಿಯುತ್ತಲೇ ಇರಲಿ ಎಂದು ಎರಡು ಬದಿಗೆ ಎರಡು ಬಗೆಯ ತಿರುಪು. ಇಂಥದ್ದೊಂದನ್ನು ಮೊದಲು ಯೋಚಿಸಿದ ತಲೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಈಗ ಜಾಕ್ ಎಲ್ಲಿಡಬೇಕು? ನನ್ನ ಪ್ರಕಾರ ಪ್ರವಾಸದ ನಕ್ಷೆ ಬಿಚ್ಚಿಕೊಂಡದ್ದು ಈ ಪ್ರಶ್ನೆಯಿಂದ. ಹಳೆಯ ಎಂಜಿಎ ಕಾರಿಗೆ ಪ್ರತ್ಯೇಕವಾದ ಚಾಸಿ ಇತ್ತು, ಅದರ ಮೇಲೆ ಮೈ. ಎಂಜಿಬಿಗೆ ಹಾಗಿಲ್ಲ, ತೆಳು ತಗಡುಗಳನ್ನು ಮಡಿಸಿ ಬೆಸೆದ ಮೈಯೇ ಅದರ ಎಲುಬು. ತೆರೆದ ಕಾರಿಗೆ ಮೇಲೆ ಚಾವಣಿಯ ಆಸರೆಯೂ ಇಲ್ಲವಲ್ಲ, ಆದ್ದರಿಂದ ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಎಂಬ ಪೆಟ್ಟಿಗೆಯಂಥ ಭಾಗ ಬೆನ್ನುಮೂಳೆಯ ಕೆಲಸವನ್ನೆಲ್ಲ ಹೊತ್ತಿದೆ. ಹೊರತಗಡು, ಒಳತಗಡು, ನಡುವೆ ಒಂದು ಪೊರೆಯ ತಗಡು, ಬುಡದಲ್ಲಿ ಕೋಟೆಯ ತೆನೆಯ ಆಕಾರದ ಪಟ್ಟಿ. ಕಾರಿನ ಜೊತೆ ಕಾರ್ಖಾನೆಯವರು ಕೊಡುತ್ತಿದ್ದ ಜಾಕನ್ನು ಈ ಸಿಲ್ಲಿನ ಮಧ್ಯದ ಕುಳಿಗೆ ಸಿಕ್ಕಿಸಿದರೆ ಒಂದು ಬದಿಯ ಎರಡೂ ಚಕ್ರ ಒಟ್ಟಿಗೆ ಏಳುತ್ತಿದ್ದವು. ಹೊಸ ಕಾರಿಗೆ ಸರಿ. ಇಂಗ್ಲೆಂಡಿನ ಚಳಿಗಾಲದಲ್ಲಿ ಮಂಜು ಕಟ್ಟದಿರಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಐವತ್ತು ವರ್ಷ ಸಿಲ್ಲಿನೊಳಗೆ ಕೂತರೆ ಹೊರಗೆ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಒಳಗೆ ಏನೂ ಉಳಿದಿರುವುದಿಲ್ಲ. ಜಾಕ್ ಏರುತ್ತದೆ, ಕಾರು ಏರುವುದಿಲ್ಲ, ತಗಡು ಕುಸಿಯುತ್ತದೆ. ಇಲ್ಲವೇ ಕಾರೇ ನಡುವಿನಲ್ಲಿ ಬಾಗಿ ಬಾಗಿಲು ತೆರೆಯಲಾಗದೆ ಕಚ್ಚಿಕೊಳ್ಳುತ್ತದೆ. ಇವಳು ಎರಡೂ ಸಿಲ್ಲುಗಳನ್ನು ಕತ್ತರಿಸಿ ಹೊಸದು ಬೆಸೆಸಿದ್ದಾಳೆ. ಆದರೂ ಆ ಕುಳಿಗೆ ಜಾಕ್ ಹಾಕುವುದಿಲ್ಲ.

ಅವಳು ಆರಿಸಿಕೊಂಡದ್ದು ಮುಂದಿನ ಅಡ್ಡತೊಲೆಯ ನಟ್ಟನಡು. ಎರಡೂ ಮುಂಚಕ್ರಗಳ ಸಸ್ಪೆನ್ಷನ್ನನ್ನು ಹೊತ್ತಿರುವ ದಪ್ಪ ಉಕ್ಕಿನ ತೊಲೆ ಅದು. ಪಕ್ಕದಲ್ಲೇ ಎಂಜಿನ್ನಿನ ಎಣ್ಣೆತೊಟ್ಟಿ ಇಳಿಬಿದ್ದಿರುತ್ತದೆ, ಅದು ತೆಳುವಾದ ತಗಡು. ಸ್ವಲ್ಪ ಆಚೀಚೆಯಾದರೆ ತೊಟ್ಟಿ ಅಪ್ಪಚ್ಚಿ. ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೋಡಿದಳು, ನನ್ನನ್ನೂ ಮಲಗಿಸಿ ನೋಡಿಸಿದಳು. ಜಾಕಿನ ತಟ್ಟೆಯ ಮೇಲೆ ರಬ್ಬರಿನ ಬಿಲ್ಲೆ ಇಟ್ಟು ಒಳಗೆ ತಳ್ಳಿದಳು.

ಹಿಡಿಕೆ ನನ್ನ ಕೈಗೆ ಬಂತು.

ಅರವತ್ತು ದಾಟಿದ ನನ್ನ ತೋಳಿನಲ್ಲಿ ನೀರಿನ ಬಿಂದಿಗೆ ಎತ್ತುವಷ್ಟೇ ಶಕ್ತಿ. ಹಿಡಿಕೆಯನ್ನು ಒತ್ತಿದೆ. ಮೊದಲ ಕೆಲವು ಸಲ ಏನೂ ಆಗಲಿಲ್ಲ. ಆಮೇಲೆ ಮೂತಿಯ ಕ್ರೋಮು ಬಂಪರು ಮೆಲ್ಲಗೆ ಮೇಲೆ ಬಂದಿತು. ಟೈರಿನ ಒತ್ತಿದ ಬುಡ ದುಂಡಗಾಯಿತು. ಮತ್ತೊಂದು ಸಲ ಒತ್ತಿದೆ. ಟೈರಿನ ಕೆಳಗೆ ಬೆಳಕು ಕಂಡಿತು! ಪುಟ್ಟ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಒತ್ತಡವನ್ನು ದೊಡ್ಡ ಪಿಸ್ಟನ್ನಿನ ಇಡೀ ಅಗಲಕ್ಕೆ ಹಂಚುತ್ತದೆ. ಪಾಸ್ಕಲ್ ಹದಿನೇಳನೇ ಶತಮಾನದಲ್ಲಿ ಕಂಡ ನಿಯಮ. ಅದನ್ನು ಹಿಡಿದು ಜೋಸೆಫ್ ಬ್ರಾಮಾ 1795ರಲ್ಲಿ ಇಂಗ್ಲೆಂಡಿನಲ್ಲೇ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದ. 1851ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಹೊತ್ತೊಯ್ಯಬಹುದಾದ ಹೈಡ್ರಾಲಿಕ್ ಜಾಕ್ ಮಾಡಿದ. ಪಾಠದ ಪುಸ್ತಕದಲ್ಲಿ ಓದಿ, ಚಿತ್ರ ಬರೆದು, ಅಂಕ ತೆಗೆದುಕೊಂಡು ಮರೆತಿದ್ದ ನಿಯಮ ನನ್ನ ಅಂಗೈ ಕೆಳಗೆ ಕಾರನ್ನು ಎತ್ತುತ್ತಿತ್ತು. ಕೂಗಿಕೊಳ್ಳುವಷ್ಟು ಸಂತೋಷವಾಯಿತು. ಕೂಗಿಯೂಬಿಟ್ಟೆ.

ಸಾಕಷ್ಟು ಎದ್ದ ಮೇಲೆ ನಾನು ಬಗ್ಗಿ ಒಳಗೆ ನೋಡಲು ಹೊರಟಾಗ ಅವಳ ಕೈ ನನ್ನ ರೆಟ್ಟೆ ಹಿಡಿಯಿತು. ಅಷ್ಟು ಹೊತ್ತು ಹಗುರವಾಗಿದ್ದ ದನಿ ಗಟ್ಟಿಯಾಯಿತು. "ಬೇಡಿ. ಜಾಕ್ ಇರೋದು ಎತ್ತೋದಕ್ಕೆ. ಹೊರೋದಕ್ಕಲ್ಲ."

ಇಡೀ ದಿನದಲ್ಲಿ ಒಂದೇ ಒಂದು ಮಾತು ಓದುಗರಿಗೆ ತಲುಪಿಸಬಹುದು ಎಂದರೆ ನಾನು ಇದನ್ನೇ ತಲುಪಿಸುತ್ತೇನೆ. ಜಾಕಿನೊಳಗೆ ಎಣ್ಣೆಯನ್ನು ತಡೆದಿರುವುದು ಸಣ್ಣ ರಬ್ಬರಿನ ಬಳೆ. ಅದು ಹರಿದರೆ ಎಣ್ಣೆ ಸೋರಿ ಕಾರು ಕುಸಿಯಲು ಗಳಿಗೆ ಸಾಕು. ಕಾರನ್ನು ಹೊರಬೇಕಾದದ್ದು ಉಕ್ಕಿನ ಸ್ಟ್ಯಾಂಡು. ನಮ್ಮ ಕಡೆ ಇಟ್ಟಿಗೆಯನ್ನೋ ಸಿಮೆಂಟ್ ಬ್ಲಾಕನ್ನೋ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ವಾಹನ ನಿಲ್ಲಿಸಿ ಕೆಳಗೆ ತೂರಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಬ್ಲಾಕು ಬಾಗಿ ಎಚ್ಚರಿಕೆ ಕೊಡುವುದಿಲ್ಲ. ಒಂದೇ ಸಲ ಪುಡಿಯಾಗುತ್ತದೆ. ಸ್ಟ್ಯಾಂಡಿನಲ್ಲೂ ನೋಡಿ ಆರಿಸಬೇಕು: 2020ರಲ್ಲಿ ಅಮೆರಿಕದಲ್ಲಿ ಹಲ್ಲು ಸರಿಯಾಗಿ ಕಚ್ಚದ ಸ್ಟ್ಯಾಂಡುಗಳನ್ನು ಲಕ್ಷಗಟ್ಟಲೆ ವಾಪಸು ಕರೆಸಿಕೊಂಡರು. ಇವಳದು ಅಡ್ಡಕ್ಕೆ ದಪ್ಪ ಪಿನ್ನು ತೂರಿಸುವ ಬಗೆಯದು. ಪಿನ್ನು ಎರಡೂ ಕಡೆ ಹೊರಬಂದದ್ದನ್ನು ಬೆರಳಿನಿಂದ ಮುಟ್ಟಿ ನೋಡಿ, ಅಡ್ಡತೊಲೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ಕಾರಿನ ಉದ್ದಕ್ಕೆ ಹೋಗುವ ದಪ್ಪ ಪಟ್ಟಿಗಳ ಕೆಳಗೆ ಒಂದೊಂದು ಸ್ಟ್ಯಾಂಡ್ ಇಟ್ಟಳು. ಜಾಕಿನ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಕಾರು ಉಸಿರು ಬಿಟ್ಟಂತೆ ಇಳಿದು ಉಕ್ಕಿನ ಮೇಲೆ ಕೂತಿತು. ಜಾಕನ್ನು ತೆಗೆಯದೆ ತೊಲೆಗೆ ತಾಗುವಷ್ಟೇ ಎತ್ತಿ ಅಲ್ಲೇ ಬಿಟ್ಟಳು. ಬಿಚ್ಚಿದ ಎರಡೂ ಚಕ್ರಗಳನ್ನು ಅಡ್ಡ ಮಲಗಿಸಿ ಸಿಲ್ಲಿನ ಕೆಳಗೆ ಸರಿಸಿದಳು. ಎಲ್ಲ ಕೈಕೊಟ್ಟರೂ ಒಂದು ಮನುಷ್ಯ ದೇಹಕ್ಕಾಗುವಷ್ಟು ಜಾಗ ಉಳಿಯಲಿ ಎಂದು.

ಅಷ್ಟಾದ ಮೇಲೂ ಒಳಗೆ ಹೋಗಲು ಬಿಡಲಿಲ್ಲ. ಇಬ್ಬರೂ ಮಡ್‌ಗಾರ್ಡಿಗೆ ಅಂಗೈ ಕೊಟ್ಟು ಬಲವಾಗಿ ಅಲುಗಿಸಿದೆವು. ಬೀಳುವುದಿದ್ದರೆ ಈಗಲೇ, ಯಾರೂ ಕೆಳಗಿಲ್ಲದಾಗ ಬೀಳಲಿ. ಕಾರು ಕದಲಲಿಲ್ಲ. ಒಬ್ಬಳೇ ಇರುವ ದಿನ ಅವಳು ಕಾರಿನ ಕೆಳಗೆ ಹೋಗುವುದೇ ಇಲ್ಲವಂತೆ. ಮನೆಯಲ್ಲಿ ಯಾರಾದರೂ ಇರಬೇಕು, ಫೋನು ಕೈಗೆ ಸಿಗುವಂತಿರಬೇಕು. ಅವತ್ತು ಆ ಯಾರಾದರೂ ನಾನಾಗಿದ್ದೆ ಎನ್ನುವುದು ನನಗೆ ಹೆಮ್ಮೆ.

ಆಮೇಲೆ ಹಳೆಯ ಚಾಪೆಯ ಮೇಲೆ ಅಂಗಾತ ಮಲಗಿ ನಾನು ಕಾರಿನ ಕೆಳಗಿನ ಆ ದೇಶದೊಳಗೆ ಸರಿದೆ. ಮೇಲಿನಿಂದ ನೋಡಿದ್ದ ಕಾರಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೇಲೆ ಎಲ್ಲವೂ ಹೊಳಪು. ಇಲ್ಲಿ ಎಲ್ಲವೂ ಕೆಲಸ. ನಡುವಿನ ಸುರಂಗದಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿನವರೆಗೆ ಹೋಗುವ ದಂಡ, ಪಕ್ಕದಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿದ ಸೈಲೆನ್ಸರ್ ಕೊಳವೆ, ದೂರದಲ್ಲಿ ಹಿಂದಿನ ಕಮಾನುಪಟ್ಟಿಗಳು. ಬ್ರೇಕಿನ ಎಣ್ಣೆ ಹೋಗುವ ಕೊಳವೆ ಪೆನ್ಸಿಲ್ಲಿಗಿಂತ ತೆಳು. ಹೆದ್ದಾರಿಯಲ್ಲಿ ಇಬ್ಬರ ಜೀವ ಇಷ್ಟು ಸಣ್ಣದರ ಮೇಲೆ ನಿಂತಿದೆ. ಬೆಸುಗೆಯ ಚುಕ್ಕೆಗಳು ಸಾಲಾಗಿ ಕಾಣುತ್ತಿದ್ದವು. ಹೊಸ ಸಿಲ್ಲಿನ ಬೆಸುಗೆ ಎಲ್ಲಿ ಮುಗಿದು ಹಳೆಯದು ಎಲ್ಲಿ ಶುರುವಾಗುತ್ತದೆಂದು ಅವಳು ಬೆರಳಿಟ್ಟು ತೋರಿಸಿದಳು. ನಾನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿದೆ: ಗಟ್ಟಿ ತಗಡು ಕಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಸಿಲ್ಲಿನ ಉದ್ದಕ್ಕೂ ಕಣ್ ಎಂದಿತು.

ಗ್ರೀಸ್ ಗನ್ನನ್ನು ನಿಪ್ಪಲ್ಲಿಗೆ ಒತ್ತಿ ಹಿಡಿದು ಅವಳು ಪಂಪ್ ಮಾಡಿದಾಗ ಕಿಂಗ್‌ಪಿನ್ನಿನ ಸಂದಿಯಿಂದ ಮೊದಲು ಹಳೆಯ ಗ್ರೀಸು ಹೊರಬಂತು, ಕಪ್ಪಗೆ, ಮರಳು ಮರಳಾಗಿ. ಅದರ ಹಿಂದೆಯೇ ಹೊಸದು ತೆಳ್ಳಗಿನ ಹಳದಿ ಉಂಗುರವಾಗಿ ಮೂಡಿತು. ಸಾವಿರಾರು ಮೈಲಿಯ ರಸ್ತೆ ಆ ಕಪ್ಪಿನಲ್ಲಿತ್ತು. ಅದನ್ನು ಬಟ್ಟೆಯಲ್ಲಿ ಒರೆಸುವ ಕೆಲಸ ನನಗೆ ಸಿಕ್ಕಿತು, ಆರೂ ನಿಪ್ಪಲ್ಲಿನದು.

ಇಳಿಸುವುದು ಏರಿಸಿದ್ದರ ಉಲ್ಟಾ. ಚಕ್ರ ಹಾಕಿ, ಜಾಕಿನಿಂದ ತುಸು ಎತ್ತಿ, ಸ್ಟ್ಯಾಂಡ್ ತೆಗೆದು, ಕೆಳಗೆ ಕೈಕಾಲು, ಹತಾರ ಯಾವುದೂ ಇಲ್ಲವೆಂದು ನೋಡಿ, ತಿರುಪನ್ನು ಸ್ವಲ್ಪಸ್ವಲ್ಪವೇ ಬಿಡುವುದು. ಆ ಮೇಲೆ ಮತ್ತೆ ತಾಮ್ರದ ಸುತ್ತಿಗೆ.

ಆ ವಾರದ ಕೊನೆಗೆ ಅದೇ ಕಾರಿನಲ್ಲಿ ಅಫಿಂಗ್ಟನ್ನಿನ ಬಿಳಿ ಕುದುರೆ ನೋಡಲು ಹೋದೆವು. ಹಸಿರು ಗುಡ್ಡದ ಮೈಯಲ್ಲಿ ಕಂದಕ ತೋಡಿ ಸುಣ್ಣಕಲ್ಲು ತುಂಬಿ ಎಳೆದ ನೂರು ಮೀಟರಿಗೂ ಉದ್ದದ ಕುದುರೆ, ಸುಮಾರು ಮೂರು ಸಾವಿರ ವರ್ಷದ್ದು. ಹುಲ್ಲು ಮುಚ್ಚದ ಹಾಗೆ ಕಾಲಕಾಲಕ್ಕೆ ಜನ ಮೊಣಕಾಲೂರಿ ಹೊಸ ಸುಣ್ಣಕಲ್ಲು ಕುಟ್ಟುತ್ತ ಬಂದಿದ್ದಾರೆ. ದಾರಿಯುದ್ದಕ್ಕೂ ಅವಳು ಸ್ಟಿಯರಿಂಗನ್ನು ಎರಡೇ ಬೆರಳಲ್ಲಿ ತಿರುಗಿಸಿ ತೋರಿಸುತ್ತಿದ್ದಳು.

ಕಾರು ನಿಲ್ಲಿಸುವ ಜಾಗದಲ್ಲಿ ಎಂಜಿ ಮಿಜೆಟ್ ಕಾರಿನಲ್ಲಿ ಬಂದಿದ್ದ ವೃದ್ಧ ದಂಪತಿ ನಮ್ಮ ಕಾರು ಕಂಡು ಹತ್ತಿರ ಬಂದರು. ಕುದುರೆಯ ಮಾತು ಯಾರೂ ಎತ್ತಲಿಲ್ಲ. ಹಿಂಭಾಗ ಎತ್ತುವಾಗ ಸ್ಟ್ಯಾಂಡ್ ಎಲ್ಲಿಡುತ್ತೀಯಮ್ಮ ಎಂದು ಅಜ್ಜ ಕೇಳಿದ. ಜಾಕು ಡಿಫರೆನ್ಷಿಯಲ್ಲಿನ ಕೆಳಗೆ, ಎಣ್ಣೆ ಬಿಡುವ ನಟ್ಟಿಗೆ ತಾಗದಂತೆ. ಸ್ಟ್ಯಾಂಡು ಆಕ್ಸಲಿನ ಕೊಳವೆಯ ಕೆಳಗೆ, ಕಮಾನುಪಟ್ಟಿಯ ಹತ್ತಿರ ಎಂದಳು. "ಮುಂಚಕ್ರಕ್ಕೆ ತಡೆ ಕೊಟ್ಟ ಮೇಲೆ" ಎಂದು ನಾನು ಸೇರಿಸಿದೆ. ಅಜ್ಜನಿಗೆ ಪೂರ್ತಿ ತಿಳಿಯಲಿಲ್ಲವೇನೋ, ಇವಳು ಬಾಯಿಮಾತು ಬಿಟ್ಟು ಹುಲ್ಲಿನ ಮೇಲೆ ಮಲಗಿಯೇಬಿಟ್ಟಳು. ಅಜ್ಜನೂ ಮೊಣಕಾಲೂರಿ ಬಗ್ಗಿದ. ಅಜ್ಜಿ ನನ್ನ ಕೈಗೆ ತನ್ನ ಛತ್ರಿ ಕೊಟ್ಟು, ಅವರಿಬ್ಬರ ಪಕ್ಕದಲ್ಲಿ ತಾನೂ ಕೂತು ಕತ್ತು ಬಗ್ಗಿಸಿ ಕೇಳತೊಡಗಿದಳು: ಪಿನ್ನಿನ ಸ್ಟ್ಯಾಂಡೋ ಹಲ್ಲಿನದೋ, ಎಷ್ಟು ಟನ್ನಿನದು, ಎಲ್ಲಿ ಕೊಂಡದ್ದು.